ಹರ್ನಿಯಾ ಎಂದರೇನು? ಅದು ದೇಹದಲ್ಲಿ ಉಂಟಾಗುವ ಬಗೆ

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ರೈಲು ಮಾರ್ಗದಲ್ಲಿ ಉರಿಗಾಂ ಒಂದು ಸಣ್ಣ ನಿಲ್ದಾಣ. ಅದಕ್ಕೆ ಸಮೀಪದ ಹಳ್ಳಿಯೊಂದರ ಹಾಲು ಉತ್ಪಾದಕರ ಸಂಘದಲ್ಲಿ ಕರುಗಳ ಪಾಲನೆಯನ್ನು ಕುರಿತು ಮಾತನಾಡುವ ಸಂದರ್ಭ ಒಮ್ಮೆ ಒದಗಿತ್ತು. ಕರುಗಳ ಹೊಕ್ಕುಳಲ್ಲಿ ಕಾಣುವ ಊತ, ಅದರೊಳಗೆ ಕರುಳು ಇಳಿದಿರುವುದನ್ನು ಗುರುತಿಸುವ ಬಗೆ ಇವುಗಳನ್ನು ವಿವರಿಸಿ ಮುಗಿಸಿದ ಮೇಲೆ ಹಿರಿಯರೊಬ್ಬರು ಜನ ಚದುರುವವರೆಗೆ ಕಾದಿದ್ದು, ನನ್ನನ್ನು ಪಕ್ಕಕ್ಕೆ ಕರೆದರು. "ಇದು ಕರುಗಳಿಗೊಂದೇನಾ ಸಾರ್, ಮನುಷ್ಯರಿಗೂ ಆಗ್ತದಾ?" ಎಂದು ಕೇಳಿದರು. ಚಿನ್ನದ ಗಣಿಯಲ್ಲಿ ನೆಲದಡಿ ದುಡಿದು, 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ನಂತರ ಊರಿಗೆ ಬಂದು ಎರಡು ಹಸು ಕಟ್ಟಿಕೊಂಡವರು ಅವರು. ಎಂಟು ವರ್ಷದಿಂದ ತೊಡೆಸಂದಿನಲ್ಲಿ ಒಂದು ಊತವಿದ್ದು, ಅದನ್ನು ಬಟ್ಟೆಯಿಂದ ಬಿಗಿದು ಕಟ್ಟಿಕೊಂಡೇ ಹುಲ್ಲು ಹೊರುತ್ತಿದ್ದರು. ಮನೆಯಲ್ಲಿ ಹೆಂಡತಿಯೊಬ್ಬರಿಗೆ ಬಿಟ್ಟರೆ ಯಾರಿಗೂ ಹೇಳಿರಲಿಲ್ಲ.

ಹೀಗೆ ಮುಚ್ಚಿಟ್ಟುಕೊಂಡಿರುವವರು ನಮ್ಮ ಹಳ್ಳಿಗಳಲ್ಲಿ ಅನೇಕರಿದ್ದಾರೆ. ಆದುದರಿಂದ ಈ ಲೇಖನದಲ್ಲಿ ಮೊದಲು ಮನುಷ್ಯರ ವಿಷಯವನ್ನೂ ನಂತರ ದನಕರುಗಳ ವಿಷಯವನ್ನೂ ತಿಳಿಸಲಾಗಿದೆ. ನಾನು ಪಶುವೈದ್ಯನಾದ ಕಾರಣ, ಮನುಷ್ಯರ ಭಾಗವನ್ನು ಶಸ್ತ್ರವೈದ್ಯರಾದ ಮಿತ್ರರೊಡನೆ ಚರ್ಚಿಸಿ ಬರೆದಿದ್ದೇನೆ. ಮೂಲ ತತ್ವ ಮಾತ್ರ ಎರಡರಲ್ಲೂ ಒಂದೇ.

ಹೆಸರು ತಂದ ಗೊಂದಲ

ಹರ್ನಿಯಾವನ್ನು ನಮ್ಮಲ್ಲಿ ಅಂಡವಾಯು ಎಂದು ಕರೆಯುವ ವಾಡಿಕೆಯಿದೆ. ಈ ಹೆಸರು ಜನರನ್ನು ದಾರಿ ತಪ್ಪಿಸಿದೆ ಎಂದೇ ನನ್ನ ಅಭಿಪ್ರಾಯ. ಈ ರೋಗಕ್ಕೆ ವಾಯು ಕಾರಣವಲ್ಲ. ವೃಷಣದ ರೋಗವೂ ಇದಲ್ಲ. ಹೆಂಗಸರಿಗೂ ಹಸುಗೂಸುಗಳಿಗೂ ಇದು ಬರುತ್ತದೆ. ವಾಯುವೆಂದು ತಿಳಿದವರು ಉದ್ದು, ಕಡಲೆ, ಆಲೂಗಡ್ಡೆಗಳನ್ನು ಬಿಟ್ಟು ವರ್ಷಗಟ್ಟಲೆ ಪಥ್ಯ ಮಾಡುತ್ತಾರೆ. ಊತ ಮಾತ್ರ ದೊಡ್ಡದಾಗುತ್ತಲೇ ಹೋಗುತ್ತದೆ.

ಹರ್ನಿಯಾ ಎಂದರೆ, ಒಂದು ಅಂಗವು ತಾನು ಇರಬೇಕಾದ ಗೂಡಿನ ಗೋಡೆಯಲ್ಲಿರುವ ದುರ್ಬಲ ಸ್ಥಳದ ಮೂಲಕ ಹೊರಕ್ಕೆ ಚಾಚಿಕೊಳ್ಳುವುದು. ಸೈಕಲ್ಲಿನ ಟಯರು ಒಂದು ಕಡೆ ಸವೆದು ಬಿರಿದರೆ ಒಳಗಿನ ಟ್ಯೂಬು ಅಲ್ಲಿ ಗುಳ್ಳೆಯಂತೆ ಉಬ್ಬಿ ಬರುವುದನ್ನು ಎಲ್ಲರೂ ನೋಡಿದ್ದೇವೆ. ಟ್ಯೂಬಿನಲ್ಲಿ ದೋಷವೇನೂ ಇರುವುದಿಲ್ಲ. ದೋಷವಿರುವುದು ಟಯರಿನಲ್ಲಿ. ಹಾಗೆಯೇ ಹರ್ನಿಯಾದಲ್ಲಿ ಕರುಳು ಕೆಟ್ಟಿರುವುದಿಲ್ಲ, ಅದನ್ನು ತಡೆದು ನಿಲ್ಲಿಸಬೇಕಾದ ಹೊಟ್ಟೆಯ ಗೋಡೆ ಸೋತಿರುತ್ತದೆ. ಔಷಧಿ ಕುಡಿಯುವುದರಿಂದಾಗಲೀ ಎಣ್ಣೆ ತಿಕ್ಕುವುದರಿಂದಾಗಲೀ ಹರಿದ ಟಯರು ಕೂಡಿಕೊಳ್ಳದೆಂಬುದು ಇದರಿಂದಲೇ ಸ್ಪಷ್ಟವಾಗುತ್ತದೆ.

ಹೊಟ್ಟೆಯ ಗೋಡೆ ಮತ್ತು ಅದರ ತೂಬುಗಳು

ಹೊಟ್ಟೆಯ ಒಳಭಾಗಕ್ಕೆ ತೆಳುವಾದ, ನುಣುಪಾದ ಒಂದು ಪೊರೆಯ ಅಸ್ತರಿ ಇದೆ. ಅದರ ಹೊರಗೆ ಪದರ ಪದರವಾಗಿ ಸ್ನಾಯುಗಳೂ ಬಿಳಿಯ ಗಟ್ಟಿ ನಾರಿನ ಹಾಳೆಗಳೂ ಇವೆ. ಪಕ್ಕೆಯ ಕಡೆ ಮೂರು ಪದರ ಸ್ನಾಯುಗಳು ಬೇರೆ ಬೇರೆ ದಿಕ್ಕಿಗೆ ಹೆಣೆದಂತಿದ್ದು ಗೋಡೆಗೆ ಬಲ ಕೊಡುತ್ತವೆ. ನಾವು ಕೆಮ್ಮಿದಾಗ, ಸೀನಿದಾಗ, ಮೂಟೆ ಎತ್ತಿದಾಗ, ಮಲವಿಸರ್ಜನೆಗೆ ಮುಕ್ಕಿದಾಗ ಒಳಗಿನ ಒತ್ತಡ ಏರುತ್ತದೆ. ಗೋಡೆಯು ಬಿಗಿದುಕೊಂಡು ಅದನ್ನು ತಡೆಯುತ್ತದೆ.

ಕೋಲಾರ ಸೀಮೆ ಕೆರೆಗಳ ಸೀಮೆ. ಕೆರೆಯ ಏರಿ ಎಷ್ಟೇ ಭದ್ರವಾಗಿದ್ದರೂ ಅದರಲ್ಲಿ ತೂಬು ಇರುವ ಜಾಗ ಉಳಿದ ಏರಿಯಷ್ಟು ಗಟ್ಟಿಯಾಗಿರುವುದಿಲ್ಲ. ನೀರು ಜಿನುಗಲು ಮೊದಲಾಗುವುದು ಸಾಮಾನ್ಯವಾಗಿ ತೂಬಿನ ಪಕ್ಕದಲ್ಲಿಯೇ ಎಂಬುದನ್ನು ಹಳೆಯ ನೀರುಗಂಟಿಗಳು ಚೆನ್ನಾಗಿ ಬಲ್ಲರು. ಹಾಗೆಂದು ತೂಬೇ ಬೇಡವೆನ್ನಲಾಗದು. ನಮ್ಮ ಹೊಟ್ಟೆಯ ಗೋಡೆಗೂ ಇಂತಹ ತೂಬುಗಳಿವೆ. ಹೊಕ್ಕುಳು ಒಂದು, ತಾಯಿಯ ಗರ್ಭದಲ್ಲಿದ್ದಾಗ ಹೊಕ್ಕುಳಬಳ್ಳಿ ಹಾದುಬಂದ ದಾರಿ ಅದು. ತೊಡೆಸಂದಿನ ಎರಡು ಬದಿಗಳಲ್ಲಿ ಒಂದೊಂದು ಓರೆಯಾದ ಓಣಿ ಇದ್ದು, ಗಂಡಸರಲ್ಲಿ ವೃಷಣಕ್ಕೆ ಹೋಗುವ ರಕ್ತನಾಳಗಳೂ ವೀರ್ಯನಾಳವೂ ಅದರ ಮೂಲಕ ಸಾಗುತ್ತವೆ. ಅದಕ್ಕಿಂತ ಸ್ವಲ್ಪ ಕೆಳಗೆ, ಕಾಲಿಗೆ ಹೋಗುವ ದೊಡ್ಡ ರಕ್ತನಾಳಗಳ ಪಕ್ಕದಲ್ಲಿ, ಇನ್ನೊಂದು ಕಿರಿದಾದ ಸಂದು ಇದೆ. ಎದೆಗೂ ಹೊಟ್ಟೆಗೂ ನಡುವಣ ವಪೆಯಲ್ಲಿ ಅನ್ನನಾಳ ಇಳಿದುಬರುವ ತೂತಿದೆ. ಇವುಗಳ ಜೊತೆಗೆ ಹಿಂದೆ ಶಸ್ತ್ರಕ್ರಿಯೆ ಮಾಡಿ ಹೊಲಿದ ಗಾಯದ ಗುರುತು ಮನುಷ್ಯನೇ ಮಾಡಿದ ತೂಬೆನ್ನಬಹುದು.

ತೊಡೆಸಂದಿನ ಓಣಿಯ ಕಥೆ ಸ್ವಲ್ಪ ವಿಚಿತ್ರವಾದುದು. ಗಂಡು ಶಿಶುವಿನ ವೃಷಣಗಳು ಮೊದಲು ಹುಟ್ಟುವುದು ಈಗಿರುವ ಸ್ಥಳದಲ್ಲಲ್ಲ, ಹೊಟ್ಟೆಯೊಳಗೆ ಮೂತ್ರಪಿಂಡದ ಬಳಿ. ಗರ್ಭದ ಏಳನೆಯ ತಿಂಗಳ ಸುಮಾರಿಗೆ ಅವು ಈ ಓಣಿಯ ಮೂಲಕ ಕೆಳಗಿನ ಚೀಲಕ್ಕೆ ಇಳಿಯುತ್ತವೆ. ಅವು ಇಳಿಯುವ ಹಾದಿಯಲ್ಲಿ ಹೊಟ್ಟೆಯ ಒಳಪೊರೆಯೂ ಕೈಚೀಲದ ಬೆರಳಿನಂತೆ ಓಣಿಯೊಳಗೆ ಚಾಚಿಕೊಂಡಿರುತ್ತದೆ. ಮಗು ಹುಟ್ಟುವ ವೇಳೆಗೆ ಅಥವಾ ಹುಟ್ಟಿದ ಕೆಲಕಾಲದಲ್ಲಿ ಆ ಬೆರಳು ತಾನಾಗಿ ಮುಚ್ಚಿಹೋಗಬೇಕು. ಕೆಲವರಲ್ಲಿ ಅದು ಮುಚ್ಚುವುದಿಲ್ಲ. ಅಂತಹವರಲ್ಲಿ ಹುಟ್ಟಿನಿಂದಲೇ ಸಿದ್ಧವಾದ ಚೀಲವೊಂದು ಇರುತ್ತದೆ. ಅದರೊಳಗೆ ಕರುಳಿನ ಸುರುಳಿ ಅಳುವ ಕೂಸಿನಲ್ಲೇ ಇಳಿಯಬಹುದು, ಮೂವತ್ತು ವರ್ಷ ಕಳೆದು ಮೂಟೆ ಹೊರುವಾಗಲೂ ಇಳಿಯಬಹುದು. ಬಲಗಡೆಯ ವೃಷಣ ತಡವಾಗಿ ಇಳಿಯುವುದರಿಂದ ಬಲಗಡೆಯ ಹರ್ನಿಯಾ ಹೆಚ್ಚು. ವಯಸ್ಸಾದವರಲ್ಲಿ ಕಾಣುವುದು ಇನ್ನೊಂದು ಬಗೆ. ಅಲ್ಲಿ ಹಳೆಯ ಚೀಲವಿರುವುದಿಲ್ಲ. ಓಣಿಯ ಹಿಂಗೋಡೆಯೇ ಸವೆದು ಸಡಿಲಗೊಂಡು ಮುಂದಕ್ಕೆ ಉಬ್ಬುತ್ತದೆ.

ಹೊಟ್ಟೆಯ ಹರ್ನಿಯಾಗಳಲ್ಲಿ ಸುಮಾರು ಮುಕ್ಕಾಲು ಪಾಲು ತೊಡೆಸಂದಿನವೇ ಆಗಿರುತ್ತವೆ. ಗಂಡಸರಲ್ಲಿ ನಾಲ್ವರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಇದು ಬರುವ ಸಂಭವವಿದೆಯೆಂದು ಅಂದಾಜು ಮಾಡಲಾಗಿದೆ. ನಾಚಿಕೆಪಡುವಂತಹ ಅಪರೂಪದ ಕಾಯಿಲೆಯೇನೂ ಇದಲ್ಲ.

ಭಾರ ಎತ್ತಿದ್ದರಿಂದಲೇ ಬಂತೇ?

"ಆವತ್ತು ರಾಗಿ ಮೂಟೆ ಎತ್ತಿದೆ, ಆವತ್ತಿನಿಂದ ಶುರುವಾಯಿತು" ಎಂದು ಹೇಳುವವರು ಬಹಳ. ಇದರಲ್ಲಿ ಅರ್ಧ ಸತ್ಯವಿದೆ. ಒಂದೇ ಸಲದ ಭಾರ ಗಟ್ಟಿ ಗೋಡೆಯನ್ನು ಹರಿಯುವುದು ಅಪರೂಪ. ಮೊದಲೇ ಸಡಿಲವಾಗಿದ್ದ ಜಾಗವು ಅಂದು ಕಣ್ಣಿಗೆ ಬಿದ್ದಿತೆನ್ನುವುದು ಹೆಚ್ಚು ಸರಿ. ಆದರೆ ವರ್ಷಗಟ್ಟಲೆ ದಿನವಿಡೀ ನಿಂತು, ನಡೆದು, ಭಾರ ಎತ್ತುವ ಕೆಲಸ ಮಾಡುವವರಲ್ಲಿ ಇದು ಹೆಚ್ಚಾಗಿ ಕಾಣುವುದು ನಿಜ. 15 ಕಿಲೊ ಟೊಮೇಟೊ ಬಾಕ್ಸು ಹಗುರವೆಂದೇ ತೋರುತ್ತದೆ. ಕೋಲಾರದ ಮಾರುಕಟ್ಟೆಗೆ ಹೋಗುವ ಒಂದು ಗಾಡಿಗೆ ಇನ್ನೂರು ಬಾಕ್ಸು ಏರಿಸಿದವನು ಆ ಬೆಳಿಗ್ಗೆ ಮೂರು ಟನ್ನು ಎತ್ತಿದಂತಾಯಿತು.

ಭಾರಕ್ಕಿಂತ ಜನ ಕಡೆಗಣಿಸುವ ಕಾರಣ ಕೆಮ್ಮು. ಭಾರವನ್ನು ದಿನಕ್ಕೆ ಕೆಲವು ಗಂಟೆ ಎತ್ತುತ್ತೇವೆ, ಹಳೆಯ ಕೆಮ್ಮು ಹಗಲೂ ರಾತ್ರಿಯೂ ಒಳಗಿನಿಂದ ಗೋಡೆಯನ್ನು ಗುದ್ದುತ್ತದೆ. ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ ಇದಕ್ಕೆ ವಿಶೇಷ ಅರ್ಥವಿದೆ. ಇಲ್ಲಿಯ ಚಿನ್ನ ಬೆಣಚುಕಲ್ಲಿನ ಪಟ್ಟಿಗಳಲ್ಲಿತ್ತು. ಮೂರು ಕಿಲೋಮೀಟರಿಗೂ ಆಳದ ಗಣಿಗಳಲ್ಲಿ ಆ ಕಲ್ಲನ್ನು ಕೊರೆದವರ ಶ್ವಾಸಕೋಶದಲ್ಲಿ ಅದರ ಧೂಳು ಸೇರಿ ಸಿಲಿಕೋಸಿಸ್ ಎಂಬ ರೋಗ ಬರುತ್ತಿದ್ದುದು 1940ರ ದಶಕದ ತಪಾಸಣೆಗಳಲ್ಲಿಯೇ ಕಂಡುಬಂದಿತ್ತು. ಗಣಿ ಮುಚ್ಚಿದರೂ ಒಳಗೆ ಸೇರಿದ ಧೂಳು ಹೊರಗೆ ಬರುವುದಿಲ್ಲ. ಕಲ್ಲು ಕ್ವಾರಿ ಮತ್ತು ಜಲ್ಲಿ ಕ್ರಷರುಗಳಲ್ಲಿ ಈಗ ದುಡಿಯುವವರಿಗೂ ಇದೇ ಅಪಾಯವಿದೆ. ಮೇಲೆ ಹೇಳಿದ ಹಿರಿಯರು ನನ್ನೊಡನೆ ಮಾತನಾಡುತ್ತಿದ್ದ ಹತ್ತು ನಿಮಿಷದಲ್ಲಿ ನಾಲ್ಕೈದು ಸಲ ಕೆಮ್ಮಿದರು. ಪ್ರತಿ ಸಲವೂ ಅವರ ಕೈ ತಾನಾಗಿ ತೊಡೆಸಂದಿಗೆ ಹೋಗಿ ಒತ್ತಿ ಹಿಡಿಯುತ್ತಿತ್ತು.

ಬೀಡಿ ಸಿಗರೇಟು ಎರಡು ರೀತಿಯಲ್ಲಿ ಕೆಡುಕು ಮಾಡುತ್ತವೆ. ಕೆಮ್ಮು ತರುವುದು ಒಂದು. ಗೋಡೆಯ ನಾರಿನಂಶವನ್ನೇ ದುರ್ಬಲಗೊಳಿಸುವುದು ಇನ್ನೊಂದು. ಬಹುದಿನದ ಮಲಬದ್ಧತೆ, ವಯಸ್ಸಾದವರು ಮೂತ್ರ ಹೊರಡದೆ ಮುಕ್ಕುವುದು, ಮೇಲಿಂದ ಮೇಲೆ ಬಸಿರಾಗುವುದು, ಬೊಜ್ಜು, ಮನೆತನದಲ್ಲಿ ಬಂದ ಸಡಿಲತೆ ಇವೂ ಕಾರಣಗಳು.

ಗುರುತಿಸುವ ಬಗೆ

ನಿಂತಾಗ ಅಥವಾ ಕೆಮ್ಮಿದಾಗ ತೊಡೆಸಂದಿನಲ್ಲೋ ಹೊಕ್ಕುಳಲ್ಲೋ ಹಳೆಯ ಗಾಯದ ಮೇಲೋ ಮೆತ್ತಗಿನ ಊತ ಮೂಡುತ್ತದೆ; ಮಲಗಿದರೆ ಒಳಗೆ ಹೋಗುತ್ತದೆ. ಒಳಗೆ ಹೋಗುವಾಗ ಕೆಲವೊಮ್ಮೆ ಗುಳುಗುಳು ಶಬ್ದವಾಗುತ್ತದೆ. ಮೊದಮೊದಲು ನೋವಿರುವುದಿಲ್ಲ, ಸಂಜೆಯ ವೇಳೆಗೆ ಎಳೆದಂತೆ, ಭಾರವಾದಂತೆ ಅನಿಸಬಹುದು. ನೋವಿಲ್ಲದಿರುವುದೇ ಜನರನ್ನು ಮರುಳು ಮಾಡುವ ಸಂಗತಿ. ವೃಷಣ ಚೀಲದಲ್ಲಿ ನೀರು ತುಂಬುವ ಹೈಡ್ರೋಸೀಲ್ ಎಂಬ ಬೇರೆ ಕಾಯಿಲೆಯೂ ಇದೆ. ಅದು ಮಲಗಿದರೂ ಸಾಮಾನ್ಯವಾಗಿ ಕರಗುವುದಿಲ್ಲ. ಎರಡರ ವ್ಯತ್ಯಾಸವನ್ನು ವೈದ್ಯರು ಕೈಯಿಂದ ಮುಟ್ಟಿ ನೋಡಿಯೇ ಹೇಳಬಲ್ಲರು.

ಹೆಂಗಸರ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಅವರಲ್ಲಿ ತೊಡೆಸಂದಿನ ಕೆಳಗಿನ ಕಿರಿದಾದ ಸಂದಿನಲ್ಲಿ ನಿಂಬೆಹಣ್ಣಿಗಿಂತ ಚಿಕ್ಕ ಗಂಟು ಏಳಬಹುದು. ಬಾಯಿ ಕಿರಿದಾದಷ್ಟೂ ಕರುಳು ಸಿಕ್ಕಿಕೊಳ್ಳುವ ಭಯ ಹೆಚ್ಚು. ಈ ಗಂಟನ್ನು ಅವರು ಯಾರಿಗೂ ತೋರಿಸುವುದಿಲ್ಲ. ವಾಂತಿ ಹೊಟ್ಟೆನೋವು ಬಂದಾಗ ಪಿತ್ತವೆಂದು ತಿಳಿದು ಎರಡು ದಿನ ಕಳೆದುಹೋಗುತ್ತದೆ. ಗೃಹವಿಜ್ಞಾನ ವಿಸ್ತರಣಾ ಕಾರ್ಯಕರ್ತೆಯರು, ಆಶಾ ಕಾರ್ಯಕರ್ತೆಯರು ಈ ಮಾತನ್ನು ಹೆಂಗಸರ ಸಭೆಗಳಲ್ಲಿ ತಿಳಿಸಿದರೆ ಒಳ್ಳೆಯದು.

ಕೂಸುಗಳ ಹೊಕ್ಕುಳ ಉಬ್ಬು ಬಹುಮಟ್ಟಿಗೆ ನಾಲ್ಕೈದು ವರ್ಷದೊಳಗೆ ತಾನೇ ಮುಚ್ಚಿಕೊಳ್ಳುತ್ತದೆ. ಅದರ ಮೇಲೆ ರೂಪಾಯಿ ನಾಣ್ಯವಿಟ್ಟು ಕಟ್ಟುವುದರಿಂದ ಪ್ರಯೋಜನವಿಲ್ಲ, ಚರ್ಮ ಹುಣ್ಣಾಗುವುದುಂಟು. ಆದರೆ ಕೂಸಿನ ತೊಡೆಸಂದಿನ ಹರ್ನಿಯಾ ತಾನಾಗಿ ಮುಚ್ಚುವುದಿಲ್ಲ. ಎಳೆಯ ವಯಸ್ಸಿನಲ್ಲಿ ಅದು ಸಿಕ್ಕಿಕೊಳ್ಳುವ ಅಪಾಯ ಹೆಚ್ಚಾದ್ದರಿಂದ "ದೊಡ್ಡವನಾಗಲಿ" ಎಂದು ಕಾಯಬಾರದು.

ಪ್ರಾಣಾಪಾಯದ ಘಟ್ಟ

ಚೀಲದೊಳಗೆ ಇಳಿದ ಕರುಳು ಕತ್ತಿನ ಬಳಿ ಬಿಗಿದುಕೊಂಡು ಹಿಂದಕ್ಕೆ ಹೋಗಲಾರದೆ ಹೋಗಬಹುದು. ಮೊದಲು ತೆಳುವಾದ ರಕ್ತನಾಳಗಳು ಒತ್ತಿಹೋಗಿ ಕರುಳು ಊದಿಕೊಳ್ಳುತ್ತದೆ. ಊದಿದಷ್ಟೂ ಬಿಗಿತ ಹೆಚ್ಚುತ್ತದೆ. ಬಿಗಿತ ಹೆಚ್ಚಿದಷ್ಟೂ ರಕ್ತ ಬರುವುದು ನಿಲ್ಲುತ್ತದೆ. ಆ ಭಾಗದ ಕರುಳು ಕೆಲವೇ ಗಂಟೆಗಳಲ್ಲಿ ಸತ್ತು, ಕೊಳೆತು, ತೂತಾಗಿ ಹೊಟ್ಟೆಯೆಲ್ಲ ವಿಷವಾಗುತ್ತದೆ.

ದಿನವೂ ಒಳಗೆ ಹೋಗುತ್ತಿದ್ದ ಊತ ಇಂದು ಹೋಗದೆ ಗಟ್ಟಿಯಾಯಿತು, ಮುಟ್ಟಿದರೆ ನೋವು, ಚರ್ಮ ಕೆಂಪಾಗಿದೆ, ಹೊಟ್ಟೆ ಉಬ್ಬರಿಸಿ ವಾಂತಿಯಾಗುತ್ತಿದೆ, ಗಾಳಿಯೂ ಮಲವೂ ಹೊರಡುತ್ತಿಲ್ಲ. ಇಷ್ಟರಲ್ಲಿ ಎರಡು ಮೂರು ಕಂಡರೂ ರಾತ್ರಿಯೆನ್ನದೆ 108ಕ್ಕೆ ಕರೆ ಮಾಡಿ, ಶಸ್ತ್ರವೈದ್ಯರಿರುವ ಆಸ್ಪತ್ರೆಗೆ ಹೊರಡತಕ್ಕದ್ದು. ಹೊಟ್ಟೆಗೆ ಏನನ್ನೂ ಕೊಡಬಾರದು, ನೀರನ್ನು ಸಹ. ಊತವನ್ನು ಬಲವಂತವಾಗಿ ಒಳಕ್ಕೆ ತಳ್ಳಬಾರದು. ಸತ್ತ ಕರುಳು ಒಳಗೆ ಹೋದರೆ ಅಪಾಯ ಮರೆಯಾಗಿ ಬೆಳೆಯುತ್ತದೆ. ಬರೆ ಹಾಕಿಸುವುದು, ಎಣ್ಣೆ ತಿಕ್ಕಿಸುವುದು, ಭೇದಿಗೆ ಕೊಡುವುದು ಸರ್ವಥಾ ಕೂಡದು. ಹಗಲಿನಲ್ಲಿ ಸಾವಧಾನವಾಗಿ ಮಾಡಿಸಬಹುದಾಗಿದ್ದ ಸಣ್ಣ ಶಸ್ತ್ರಕ್ರಿಯೆ ಈ ಘಟ್ಟದಲ್ಲಿ ಕರುಳು ಕತ್ತರಿಸಿ ಜೋಡಿಸುವ ದೊಡ್ಡ ಶಸ್ತ್ರಕ್ರಿಯೆಯಾಗುತ್ತದೆ.

ಚಿಕಿತ್ಸೆ

ಹರ್ನಿಯಾಕ್ಕೆ ಶಸ್ತ್ರಕ್ರಿಯೆಯೊಂದೇ ಪರಿಹಾರ. ಪಟ್ಟಿ ಅಥವಾ ಲಂಗೋಟಿ ಕಟ್ಟುವುದರಿಂದ ಊತ ತೋರದೆ ಇರಬಹುದು, ಬಿರುಕು ಮುಚ್ಚುವುದಿಲ್ಲ. ಹಾಗೆಂದು ಪ್ರತಿಯೊಬ್ಬರನ್ನೂ ನಾಳೆಯೇ ಶಸ್ತ್ರಕ್ರಿಯೆಗೆ ಒಳಪಡಿಸಬೇಕೆಂದಿಲ್ಲ. ಗಂಡಸರಲ್ಲಿ ಚಿಕ್ಕದಾದ, ನೋವಿಲ್ಲದ, ಸುಲಭವಾಗಿ ಒಳಗೆ ಹೋಗುವ ತೊಡೆಸಂದಿನ ಹರ್ನಿಯಾವನ್ನು ವೈದ್ಯರು ಕೆಲಕಾಲ ನೋಡೋಣವೆನ್ನಬಹುದು. ಆದರೆ ಆ ತೀರ್ಮಾನ ಪರೀಕ್ಷೆ ಮಾಡಿದ ವೈದ್ಯರದಾಗಿರಬೇಕೇ ಹೊರತು ನಮ್ಮ ನಾಚಿಕೆಯದಾಗಿರಬಾರದು.

1880ರ ದಶಕದಲ್ಲಿ ಇಟಲಿಯ ಪಾದುವಾ ನಗರದ ಬಾಸ್ಸಿನಿ ಎಂಬ ಶಸ್ತ್ರವೈದ್ಯರು ಓಣಿಯ ಹಿಂಗೋಡೆಯನ್ನು ಪದರವರಿತು ಹೊಲಿಯುವ ಕ್ರಮವನ್ನು ರೂಪಿಸಿದರು. ಅಲ್ಲಿಯವರೆಗೆ ಹೊಲಿದ ಹರ್ನಿಯಾ ಮರಳಿ ಬರುತ್ತಿದ್ದುದೇ ಹೆಚ್ಚು. ಆದರೆ ಸಡಿಲ ಅಂಚುಗಳನ್ನು ಎಳೆದು ಹೊಲಿದರೆ ಹೊಲಿಗೆಯ ಮೇಲೆ ಜಗ್ಗು ಬೀಳುತ್ತದೆ. 1980ರ ದಶಕದಿಂದೀಚೆಗೆ ಅಂಚುಗಳನ್ನು ಎಳೆಯದೆ, ದುರ್ಬಲ ಜಾಗದ ಮೇಲೆ ಪ್ಲಾಸ್ಟಿಕ್ ನೂಲಿನ ಜಾಲರಿಯ ತುಂಡೊಂದನ್ನು ಹಾಸಿ ಹೊಲಿಯುವ ಪದ್ಧತಿ ಬಳಕೆಗೆ ಬಂದಿತು. ಜಾಲರಿಯ ಕಣ್ಣುಗಳಲ್ಲಿ ದೇಹದ ನಾರು ಬೆಳೆದು ಅದನ್ನು ಹೆಣೆದುಕೊಳ್ಳುತ್ತದೆ. ಮಣ್ಣಿನ ಏರಿಯಲ್ಲಿ ಹುಲ್ಲಿನ ಬೇರು ಹೆಣೆದುಕೊಂಡಂತೆ.

ಈ ಜಾಲರಿ ದುಬಾರಿಯಾಗಿದ್ದ ಕಾಲದಲ್ಲಿ ಮಹಾರಾಷ್ಟ್ರದ ಧುಳೆ ಜಿಲ್ಲೆಯ ದೊಂಡಾಯಿಚಾ ಎಂಬ ಸಣ್ಣ ಊರಿನ ಶಸ್ತ್ರವೈದ್ಯ ಡಾ. ಟೊಂಗಾಂವಕರ್ ಅವರು ಸೊಳ್ಳೆಪರದೆಯ ಬಟ್ಟೆಯನ್ನೇ ಶುದ್ಧೀಕರಿಸಿ ಬಳಸಿ ನೋಡಿದರು. ಹಲವು ಆಸ್ಪತ್ರೆಗಳ ಅನುಭವವನ್ನು ಸೇರಿಸಿ 2003ರಲ್ಲಿ ಪ್ರಕಟಿಸಿದರು. ಮುಂದೆ ಉಗಾಂಡಾ ದೇಶದಲ್ಲಿ 302 ಗಂಡಸರ ಮೇಲೆ ನಡೆಸಿದ ಪರೀಕ್ಷೆಯ ಫಲಿತಾಂಶ 2016ರಲ್ಲಿ ಹೊರಬಂದಿತು. ಒಂದು ವರ್ಷದ ನಂತರ ನೋಡಿದಾಗ ಬೆಲೆಬಾಳುವ ಜಾಲರಿಗೂ ಸೊಳ್ಳೆಪರದೆಯ ಜಾಲರಿಗೂ ಗಣನೀಯ ವ್ಯತ್ಯಾಸ ಕಂಡುಬರಲಿಲ್ಲ. ಹಳ್ಳಿಯ ವೈದ್ಯರೊಬ್ಬರ ಮಿತವ್ಯಯದ ಉಪಾಯ ಇಷ್ಟು ದೂರ ಹೋದುದು ಸಂತೋಷದ ಸಂಗತಿ. ಮನೆಯ ಸೊಳ್ಳೆಪರದೆಯನ್ನು ಯಾರೂ ಆಸ್ಪತ್ರೆಗೆ ಕೊಂಡೊಯ್ಯಬೇಕಾಗಿಲ್ಲವೆಂದು ಬೇರೆ ಹೇಳಬೇಕಿಲ್ಲ.

ಬಂಗಾರಪೇಟೆ ಮತ್ತು ಕೆ.ಜಿ.ಎಫ್. ಭಾಗದವರು ರಾಬರ್ಟ್‌ಸನ್‌ಪೇಟೆಯ ಸರ್ಕಾರಿ ಆಸ್ಪತ್ರೆ, ಕೋಲಾರದ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆ, ಟಮಕದ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇವುಗಳಲ್ಲಿ ವಿಚಾರಿಸಬಹುದು. ಖರ್ಚಿನ ವಿಷಯದಲ್ಲಿ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಕಾರ್ಡಿನ ಸೌಲಭ್ಯವನ್ನು ಕೇಳಿ. ಸಹಕಾರ ಸಂಘಗಳ ಸದಸ್ಯರಿಗಾಗಿ 2003ರಲ್ಲಿ ಜಾರಿಗೆ ಬಂದು, 2018ರಲ್ಲಿ ನಿಂತು, 2023ರಲ್ಲಿ ಮತ್ತೆ ಆರಂಭವಾದ ಯಶಸ್ವಿನಿ ಯೋಜನೆಗೆ ನೋಂದಾಯಿಸಿಕೊಂಡಿದ್ದರೆ ಹಾಲಿನ ಸಂಘದ ಕಾರ್ಯದರ್ಶಿಯವರಿಂದ ವಿವರ ಪಡೆಯಿರಿ. ನೋಂದಣಿಗೆ ಕಾಲಮಿತಿ ಇರುವುದರಿಂದ ಕಾಯಿಲೆ ಬಂದ ದಿನ ವಿಚಾರಿಸಿದರೆ ತಡವಾಗಬಹುದು.

ಕರುಗಳ ಹೊಕ್ಕುಳ ಹರ್ನಿಯಾ

ಕೋಲಾರ ಜಿಲ್ಲೆಯಲ್ಲಿ ಹಾಲಿಗಾಗಿ ಸಾಕುವ ಹಸುಗಳಲ್ಲಿ ಹೋಲ್‌ಸ್ಟೀನ್ ಫ್ರೀಜಿಯನ್ ಮಿಶ್ರತಳಿಯವೇ ಹೆಚ್ಚು. ಹೊಕ್ಕುಳ ಹರ್ನಿಯಾ ಹೆಚ್ಚಾಗಿ ಕಾಣುವುದೂ ಈ ತಳಿಯ ಕರುಗಳಲ್ಲಿಯೇ. ವಂಶದಿಂದ ಬರುವ ದೌರ್ಬಲ್ಯ ಒಂದು ಕಾರಣ, ಹುಟ್ಟಿದ ದಿನಗಳಲ್ಲಿ ಹೊಕ್ಕುಳಬಳ್ಳಿಗೆ ಸೋಂಕು ತಗುಲಿ ಕೀವಾಗುವುದು ಇನ್ನೊಂದು. ಕೀವಾದ ಜಾಗದಲ್ಲಿ ಗೋಡೆ ಸರಿಯಾಗಿ ಕೂಡಿಕೊಳ್ಳುವುದಿಲ್ಲ. ಆದುದರಿಂದ ಕರು ಹುಟ್ಟಿದ ಕೂಡಲೆ ಹೊಕ್ಕುಳಬಳ್ಳಿಯನ್ನು ಅಯೋಡಿನ್ ಟಿಂಕ್ಚರಿನಲ್ಲಿ ಅದ್ದಿ, ಮುಂದಿನ ಎರಡು ಮೂರು ದಿನವೂ ಹಾಗೆಯೇ ಮಾಡುವುದು, ಒಣಗಿದ ಹಾಸಿನ ಮೇಲೆ ಮಲಗಿಸುವುದು, ಮೊದಲ ಗಂಟೆಗಳಲ್ಲಿಯೇ ಗಿಣ್ಣುಹಾಲು ಕುಡಿಸುವುದು ಇವು ಬಹಳ ಅಗ್ಗದ ರಕ್ಷಣೆಗಳು. ಬಳ್ಳಿಯನ್ನು ಹೊಟ್ಟೆಗೆ ಹತ್ತಿ ಕತ್ತರಿಸಬಾರದು.

ಊತ ಕಂಡಾಗ ಕರುವನ್ನು ಮಲಗಿಸಿ ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ. ಒಳಗಿನ ವಸ್ತು ಹೊಟ್ಟೆಯೊಳಕ್ಕೆ ಹೋಗಿ, ಬೆರಳಿಗೆ ಉಂಗುರದಂತಹ ಅಂಚು ಸಿಕ್ಕಿದರೆ ಅದು ಹರ್ನಿಯಾ. ಬಿಸಿಯಾಗಿ, ಗಟ್ಟಿಯಾಗಿ, ಒತ್ತಿದರೆ ಕರು ಒದ್ದಾಡಿ, ಒಳಗೆ ಹೋಗದಿದ್ದರೆ ಕೀವುಗಡ್ಡೆ ಇರಬಹುದು. ಎರಡೂ ಕೂಡಿರುವುದೂ ಉಂಟು. ಈ ಕಾರಣದಿಂದಲೇ ಊತವನ್ನು ಮನೆಯಲ್ಲಿ ಎಂದೂ ಕೊಯ್ಯಬಾರದು. ಗಡ್ಡೆಯೆಂದು ತಿಳಿದು ಕ್ಷೌರದ ಬ್ಲೇಡಿನಿಂದ ಕೊಯ್ದು, ಕರುಳು ಹೊರಬಂದು ನೆಲಕ್ಕೆ ತಗುಲಿದ ಮೇಲೆ ಗೋಣಿಚೀಲದಲ್ಲಿ ಸುತ್ತಿ ತಂದ ಹೆಣ್ಣುಗರುವೊಂದನ್ನು ನಾನು ನೋಡಿದ್ದೇನೆ. ಅದು ಬದುಕಲಿಲ್ಲ. ಎರಡು ವರ್ಷ ಕಳೆದಿದ್ದರೆ ಕೊಟ್ಟಿಗೆಯಲ್ಲಿ ಹಾಲು ಕೊಡುವ ಹಸುವಾಗಿರುತ್ತಿತ್ತು.

ಉಂಗುರ ಒಂದೆರಡು ಬೆರಳು ತೂರುವಷ್ಟು ಚಿಕ್ಕದಿದ್ದರೆ ಕರು ಬೆಳೆದಂತೆ ಕೆಲವು ತಿಂಗಳಲ್ಲಿ ಮುಚ್ಚಿಕೊಳ್ಳುವ ಸಂಭವವಿದೆ. ಅದಕ್ಕಿಂತ ದೊಡ್ಡದಾದರೆ ಅಥವಾ ದಿನದಿನಕ್ಕೆ ಹಿಗ್ಗುತ್ತಿದ್ದರೆ ಪಶು ಆಸ್ಪತ್ರೆಯಲ್ಲಿ ಹೊಲಿಸತಕ್ಕದ್ದು. ಕಷ್ಟಕರವಾದವುಗಳನ್ನು ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಒಯ್ಯಬಹುದು. ಹೊಕ್ಕುಳ ಹರ್ನಿಯಾ ಇದ್ದ ಗಂಡುಕರುವನ್ನು ಬೀಜದ ಹೋರಿಯಾಗಿ ಉಳಿಸಿಕೊಳ್ಳಬಾರದು. ಒಂದೇ ಹೋರಿಯ ವೀರ್ಯದಿಂದ ಊರಿನಲ್ಲಿ ಹಲವು ಕರುಗಳಿಗೆ ಹೀಗಾಗಿದ್ದರೆ ಗರ್ಭಧಾರಣೆ ಮಾಡುವವರ ಗಮನಕ್ಕೆ ತನ್ನಿ. ಈ ವರದಿ ಕೊಡುವ ಅಭ್ಯಾಸ ನಮ್ಮಲ್ಲಿ ಬಹಳ ಕಡಿಮೆ.

ದೊಡ್ಡ ದನಗಳಲ್ಲಿ ಕೊಂಬಿನ ತಿವಿತದಿಂದ ಪಕ್ಕೆಯ ಸ್ನಾಯು ಹರಿದು, ಚರ್ಮ ಹರಿಯದೆ ಉಳಿದು, ಹರ್ನಿಯಾ ಆಗುವುದುಂಟು. ಎಮ್ಮೆಗಳಲ್ಲಿ ನುಂಗಿದ ತಂತಿ ಮೊಳೆಗಳು ವಪೆಯನ್ನು ಚುಚ್ಚಿ ದುರ್ಬಲಗೊಳಿಸಿ, ಹೊಟ್ಟೆಯ ಭಾಗ ಎದೆಗೂಡಿಗೆ ನುಗ್ಗುವುದೂ ಉಂಟು. ಮೇಲೆ ಮೇಲೆ ಹೊಟ್ಟೆಯುಬ್ಬರ ಬಂದು ಔಷಧಿಗೆ ಬಗ್ಗದ ಎಮ್ಮೆಯನ್ನು ಈ ದೃಷ್ಟಿಯಿಂದಲೂ ಪರೀಕ್ಷಿಸಬೇಕಾಗುತ್ತದೆ.

ಶಸ್ತ್ರಕ್ರಿಯೆಯ ನಂತರ

ಆ ಹಿರಿಯರ ಕೊಟ್ಟಿಗೆಯಲ್ಲಿಯೂ ಹೊಕ್ಕುಳು ಉಬ್ಬಿದ ಕರುವೊಂದು ಇತ್ತು. ಅವರು ಸಭೆಗೆ ಬಂದದ್ದೇ ಅದಕ್ಕಾಗಿ. ಕರುವಿಗೆ ಆ ತಿಂಗಳಲ್ಲೇ ಹೊಲಿಗೆ ಹಾಕಿಸಿದರು. ತಮ್ಮದನ್ನು ರಾಗಿ ಕೊಯ್ಲಿನ ನಂತರವೆಂದರು. ಅವರನ್ನು ನೋಡಿದ ವೈದ್ಯರು ಊತ ಸರಾಗವಾಗಿ ಒಳಗೆ ಹೋಗುತ್ತಿದ್ದುದರಿಂದ ಅದಕ್ಕೆ ಒಪ್ಪಿದರು. ಆದರೆ ಅಷ್ಟರೊಳಗೆ ಬೀಡಿ ಬಿಟ್ಟು, ಕೆಮ್ಮಿಗೆ ಚಿಕಿತ್ಸೆ ಪಡೆದು ಬರಬೇಕೆಂದು ಹೇಳಿದರು. ಕೆಮ್ಮು ಇಳಿಯದೆ ಹೊಲಿದರೆ ಹೊಲಿಗೆ ನಿಲ್ಲುವುದಿಲ್ಲ.

ಜಾಲರಿ ಹಾಕಿದ ಮರುದಿನವೇ ಎದ್ದು ನಡೆದಾಡಬಹುದು. ಒಂದೆರಡು ವಾರಗಳಲ್ಲಿ ಹಗುರವಾದ ಕೆಲಸಗಳನ್ನು ಮಾಡಬಹುದು. ಮೂಟೆ, ಹುಲ್ಲಿನ ಹೊರೆ, ತುಂಬಿದ ಹಾಲಿನ ಕ್ಯಾನು ಇವನ್ನು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಮುಟ್ಟಬಾರದು. ನಿಖರವಾದ ಅವಧಿಯನ್ನು ಶಸ್ತ್ರಕ್ರಿಯೆ ಮಾಡಿದ ವೈದ್ಯರೇ ಹೇಳಬೇಕು. ಆ ದಿನಗಳಿಗಾಗಿ ಮೇವನ್ನು ಮೊದಲೇ ಕೂಡಿಡುವುದು ಅಥವಾ ಮನೆಯಲ್ಲಿ ಯಾರು ಹುಲ್ಲು ಹೊರುವವರೆಂದು ನಿಶ್ಚಯಿಸಿಕೊಂಡೇ ಆಸ್ಪತ್ರೆಗೆ ಹೋಗುವುದು ಒಳ್ಳೆಯದು. ಇವರ ಮನೆಯಲ್ಲಿ ಸೊಸೆ ಆರು ವಾರ ಹಾಲು ಕರೆದು ಡೈರಿಗೆ ಹಾಕಿದರು. ಮಗ ಬೆಂಗಳೂರಿನ ಕೆಲಸಕ್ಕೆ ಮುಂಜಾನೆಯ ರೈಲು ಹಿಡಿಯುವ ಮೊದಲು ಹುಲ್ಲು ತಂದು ಹಾಕಿ ಹೋಗುತ್ತಿದ್ದನು.